14 ವರ್ಷ ಬಳಸಿದ ದೀನಬಂಧು ಗೋಬರ್ ಗ್ಯಾಸ್: ಒಂದು ಸಣ್ಣ ತೋಟದ ಮನೆಯ ಅನುಭವ

ಶಿರಸಿ ಸೀಮೆಯಲ್ಲಿರುವ ನಮ್ಮ ಎರಡೂವರೆ ಎಕರೆ ಅಡಿಕೆ ತೋಟದ ಮನೆಯಲ್ಲಿ ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ಸಾಮರ್ಥ್ಯದ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಘಟಕವನ್ನು 2011ರ ಬೇಸಿಗೆಯಲ್ಲಿ ಕಟ್ಟಿಸಿದೆವು. ಅಂದಿನಿಂದ ಇಂದಿನವರೆಗೆ, ದುರಸ್ತಿಗೆಂದು ಬರಿದು ಮಾಡಿದ ಒಂದು ಬೇಸಿಗೆಯನ್ನು ಬಿಟ್ಟರೆ, ಅದು ಒಮ್ಮೆಯೂ ನಿಂತಿಲ್ಲ. ಕೊಟ್ಟಿಗೆಯ ಕೆಲಸ, ಅಡಿಗೆಮನೆಯ ಕೆಲಸ ಎರಡನ್ನೂ ಮಾಡುವವಳು ನಾನೇ ಆದ್ದರಿಂದ ಬೆಳಿಗ್ಗೆ ಸಗಣಿ ಕಲಸುವ ಕೈಯೂ ಮಧ್ಯಾಹ್ನ ಅದೇ ಉರಿಯಲ್ಲಿ ಅನ್ನ ಬೇಯಿಸುವ ಕೈಯೂ ನನ್ನದೇ. ಹೊಸದಾಗಿ ಕಟ್ಟಿಸಬೇಕೆಂದು ನೋಡಲು ಬರುವವರು ಸಾಮಾನ್ಯವಾಗಿ ಕೇಳುವುದು ವರ್ಷಕ್ಕೆ ಎಷ್ಟು ಸಿಲಿಂಡರ್ ಉಳಿಯುತ್ತದೆ ಎಂಬುದನ್ನು. ಅದಕ್ಕೂ ಉತ್ತರ ಹೇಳುತ್ತೇನೆ. ಆದರೆ ಅದಕ್ಕಿಂತ ಮೊದಲು ಅವರು ತಮ್ಮನ್ನೇ ಕೇಳಿಕೊಳ್ಳಬೇಕಾದದ್ದು, ಕೊಟ್ಟಿಗೆಯಲ್ಲಿ ದಿನಕ್ಕೆ ಎಷ್ಟು ಬುಟ್ಟಿ ಸಗಣಿ ಸಿಗುತ್ತದೆ, ಅದನ್ನು ಒಂದು ದಿನವೂ ತಪ್ಪದೆ ಕಲಸುವವರು ಯಾರು ಎಂಬುದು.

ನಮ್ಮ ಮನೆಗೆ ಗೋಬರ್ ಗ್ಯಾಸ್ ಹೊಸದೇನೂ ಆಗಿರಲಿಲ್ಲ. ಮಾವನವರ ಕಾಲದಲ್ಲಿ ಕಬ್ಬಿಣದ ಡ್ರಮ್ಮಿನ ಘಟಕವಿತ್ತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 1960ರ ದಶಕದಿಂದ ಹಳ್ಳಿಗಳಿಗೆ ತಲುಪಿಸಿದ ಮಾದರಿ ಅದು. ಗ್ಯಾಸ್ ತುಂಬಿದಂತೆ ಡ್ರಮ್ಮು ಮೇಲೇಳುತ್ತಿತ್ತು, ಖರ್ಚಾದಂತೆ ಇಳಿಯುತ್ತಿತ್ತು. ಇಂದು ಎಷ್ಟು ಹೊತ್ತು ಒಲೆ ಉರಿದೀತು ಎಂಬುದು ಅಂಗಳದಿಂದಲೇ ಕಾಣುತ್ತಿತ್ತು. ಆ ಒಂದು ಅನುಕೂಲ ದೀನಬಂಧುವಿನಲ್ಲಿ ಇಲ್ಲ. ಆದರೆ ನಾಲ್ಕು ತಿಂಗಳು ಎಡೆಬಿಡದೆ ಮಳೆ ಸುರಿಯುವ ಮಲೆನಾಡಿನಲ್ಲಿ ಕಬ್ಬಿಣದ ಡ್ರಮ್ಮಿಗೆ ವರ್ಷ ವರ್ಷವೂ ಬಣ್ಣ ಬಳಿಯಬೇಕಾಗುತ್ತಿತ್ತು. ಬಳಿಯದೆ ಬಿಟ್ಟ ಎರಡೇ ಮಳೆಗಾಲದಲ್ಲಿ ತುಕ್ಕು ಹಿಡಿದು ತೂತು ಬಿತ್ತು. ಹೊಸ ಡ್ರಮ್ಮಿನ ಬೆಲೆ ಕೇಳಿ ಮಾವನವರು ಅದನ್ನು ಹಾಗೆಯೇ ಬಿಟ್ಟರು, ಅಡಿಗೆಮನೆ ಮತ್ತೆ ಸೌದೆಯ ಹೊಗೆಗೆ ಮರಳಿತು.

ದೀನಬಂಧು ಮಾದರಿಯನ್ನು ದೆಹಲಿಯ ಅಫ್‌ಪ್ರೋ (AFPRO) ಸಂಸ್ಥೆಯು 1984ರಲ್ಲಿ ರೂಪಿಸಿತು. ಇದರಲ್ಲಿ ತುಕ್ಕು ಹಿಡಿಯುವ ಡ್ರಮ್ಮಾಗಲಿ, ಮೇಲೆ ಕೆಳಗೆ ಚಲಿಸುವ ಭಾಗವಾಗಲಿ ಇಲ್ಲ. ನೆಲದೊಳಗೆ ಇಟ್ಟಿಗೆ, ಸಿಮೆಂಟಿನಿಂದ ಕಟ್ಟಿದ ಗುಮ್ಮಟ, ಅದರ ಒಂದು ಪಕ್ಕಕ್ಕೆ ಸಗಣಿ ಕಲಸುವ ತೊಟ್ಟಿ, ಇನ್ನೊಂದು ಪಕ್ಕಕ್ಕೆ ಬಗ್ಗಡ, ಅಂದರೆ ಗ್ಯಾಸ್ ಬಿಟ್ಟುಕೊಟ್ಟ ಸಗಣಿನೀರು, ಹೊರಬರುವ ತೊಟ್ಟಿ, ಇಷ್ಟೇ. ಗುಮ್ಮಟದಲ್ಲಿ ಸೇರಿದ ಗ್ಯಾಸ್ ಒಳಗಿನ ಬಗ್ಗಡವನ್ನು ಹೊರತೊಟ್ಟಿಯ ಕಡೆಗೆ ಒತ್ತುತ್ತದೆ. ಒಲೆ ಹಚ್ಚಿದಾಗ ಹೊರಗೇರಿದ ಆ ಬಗ್ಗಡವೇ ಮರಳಿ ಇಳಿದು ಗ್ಯಾಸನ್ನು ಕೊಳವೆಗೆ ತಳ್ಳುತ್ತದೆ. ಹಾಗಾಗಿ ಸಂಜೆ ಒಲೆ ಹಚ್ಚುವ ಮೊದಲು ಹೊರತೊಟ್ಟಿಯ ಮಟ್ಟವನ್ನು ಒಮ್ಮೆ ನೋಡಿದರೆ ಗ್ಯಾಸ್ ಎಷ್ಟಿದೆಯೆಂದು ಸುಮಾರಾಗಿ ಅಂದಾಜು ಮಾಡಬಹುದು. ಈ ಅಂದಾಜು ಕೈಗೂಡಲು ನನಗೆ ಒಂದು ವರ್ಷ ಹಿಡಿಯಿತು.

ಕಟ್ಟುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಆದರೆ ಎರಡು ಮಾತನ್ನು ಬಿಡುವಂತಿಲ್ಲ. ಮಲೆನಾಡಿನಲ್ಲಿ ಗುಂಡಿಯನ್ನು ಫೆಬ್ರವರಿ, ಮಾರ್ಚಿನಲ್ಲೇ ತೆಗೆಯಬೇಕು. ಮಳೆಗಾಲದ ನಂತರ ತಡಮಾಡದೆ ಅಗೆದರೆ ಆಳಕ್ಕೆ ಹೋದಂತೆ ಒರತೆ ನೀರು ನುಗ್ಗಿ ತಳದ ಕಾಂಕ್ರೀಟು ಗಟ್ಟಿಯಾಗುವುದಿಲ್ಲ. ಇನ್ನೊಂದು, ಗುಮ್ಮಟದ ಒಳಮೈಯ ಗಾರೆಗೆ ಸಾಕಷ್ಟು ದಿನ ನೀರುಣಿಸಬೇಕು. ನಮ್ಮ ಘಟಕ ಕಟ್ಟಿದ ಮೇಸ್ತ್ರಿ ಕಸುಬಿನಲ್ಲಿ ಪಳಗಿದವರೇ ಆಗಿದ್ದರೂ ಬೇರೆ ಊರಿನ ಕೆಲಸ ಒಪ್ಪಿಕೊಂಡಿದ್ದ ಅವಸರದಲ್ಲಿ ಕೊನೆಯ ಗಾರೆಯನ್ನು ನಾಲ್ಕೇ ದಿನ ನೆನೆಸಿ ಹೊರಟರು. ಆ ನಾಲ್ಕು ದಿನದ ಅವಸರದ ಫಲವನ್ನು ನಾಲ್ಕನೆಯ ವರ್ಷದಲ್ಲಿ ಉಂಡೆವು. ಗುಂಡಿ ತೆಗೆದದ್ದು ಮನೆಯವರೇ. ಸುಮಾರು 1000 ಇಟ್ಟಿಗೆ, 15 ಚೀಲ ಸಿಮೆಂಟು, ಮರಳು, ಜಲ್ಲಿ, ಕೊಳವೆ, ಒಲೆ, ಮೇಸ್ತ್ರಿಯ ಸಂಬಳ ಎಲ್ಲ ಸೇರಿ ಅಂದು ನಮಗೆ 24 ಸಾವಿರ ರೂಪಾಯಿ ತಗಲಿತು. ಮರಳು, ಸಿಮೆಂಟಿನ ಇಂದಿನ ಬೆಲೆಯಲ್ಲಿ ಆ ಮೊತ್ತಕ್ಕೆ ಆಗುವ ಕೆಲಸವಲ್ಲ.

ಅಳತೆಯ ವಿಷಯದಲ್ಲಿ ಬಹಳ ಮನೆಗಳು ಎಡವುತ್ತವೆ, ನಾವೂ ಎಡವುವುದರಲ್ಲಿದ್ದೆವು. ಮನೆಯಲ್ಲಿ ಆರು ಜನರಿದ್ದೀರಿ, ನೆಂಟರು ಬರುತ್ತಾರೆ, 4 ಘನ ಮೀಟರಿನದೇ ಇರಲಿ ಎಂದು ಹಲವರು ಸಲಹೆ ಕೊಟ್ಟರು. ಲೆಕ್ಕ ಹಾಕಬೇಕಾದದ್ದು ಉಣ್ಣುವವರನ್ನಲ್ಲ, ಸಗಣಿಯನ್ನು. ಒಂದು ಕಿಲೋ ಸಗಣಿಯಿಂದ ಸುಮಾರು 40 ಲೀಟರ್ ಗ್ಯಾಸ್ ಹುಟ್ಟುತ್ತದೆ. ಅಂದರೆ 2 ಘನ ಮೀಟರಿಗೆ (2000 ಲೀಟರಿಗೆ) ದಿನಕ್ಕೆ 50 ಕಿಲೋ ಸಗಣಿ ಬೇಕು, 4 ಘನ ಮೀಟರಿಗೆ 100 ಕಿಲೋ. ಪುಸ್ತಕದ ಲೆಕ್ಕದಲ್ಲಿ ಒಂದು ದನಕ್ಕೆ 10 ಕಿಲೋ ಎಂದು ಹಿಡಿಯುತ್ತಾರೆ, ಆದರೆ ಆ ಲೆಕ್ಕ ನಮ್ಮ ಕೊಟ್ಟಿಗೆಗೆ ಹೊಂದುವುದಿಲ್ಲ. ಅಂದು ನಮ್ಮಲ್ಲಿ ಎರಡು ಜರ್ಸಿ ಮಿಶ್ರತಳಿ, ಎರಡು ಮಲೆನಾಡು ಗಿಡ್ಡ ಹಸುಗಳಿದ್ದವು. ಕಟ್ಟಿಯೇ ಮೇಯಿಸುವ ಜರ್ಸಿ ಒಂದೊಂದೂ ದಿನಕ್ಕೆ 15 ಕಿಲೋ ಕೊಟ್ಟರೆ, ಗಿಡ್ಡಗಳು ಮೈಯಲ್ಲಿ ಸಣ್ಣವು, ಹಗಲೆಲ್ಲ ಬೆಟ್ಟದಲ್ಲಿ ಮೇಯುವುದರಿಂದ ಸಗಣಿಯ ಅರ್ಧ ಪಾಲು ಅಲ್ಲೇ ಬೀಳುತ್ತದೆ. ರಾತ್ರಿ ಕೊಟ್ಟಿಗೆಯಲ್ಲಿ ಸಿಗುವುದು ಐದು ಕಿಲೋ ಮಾತ್ರ. ಹೀಗೆ ನಾಲ್ಕು ದನಗಳಿಂದ ಒಟ್ಟು 40 ಕಿಲೋ. ಕಟ್ಟುವ ಮೊದಲು ಒಂದು ವಾರ ಪ್ರತಿ ದಿನ ತಕ್ಕಡಿಯಲ್ಲಿ ತೂಗಿ ಬರೆದಿಟ್ಟದ್ದರಿಂದಲೇ ಈ ಅಂಕಿ ನಮಗೆ ಗೊತ್ತಾಯಿತು, 2 ಘನ ಮೀಟರಿಗೆ ನಿಂತೆವು. ನಮಗೆ ಗೊತ್ತಿರುವ ಒಂದು ಮನೆಯಲ್ಲಿ ಇಷ್ಟೇ ದನಗಳಿಗೆ 4 ಘನ ಮೀಟರಿನದನ್ನು ಕಟ್ಟಿಸಿದರು. ಅರೆಹೊಟ್ಟೆಯ ದೊಡ್ಡ ಗುಮ್ಮಟದಲ್ಲಿ ಒತ್ತಡವೇ ಏರದೆ, ಒಲೆ ಸರಿಯಾಗಿ ಉರಿಯದೆ, ಮೂರು ವರ್ಷಕ್ಕೆ ಅದು ಮುಚ್ಚಿಹೋಯಿತು.

ಮೊದಲ ಸಲ ತುಂಬುವುದು ದೊಡ್ಡ ಕೆಲಸ. 2 ಘನ ಮೀಟರಿನ ಘಟಕಕ್ಕೆ ಆರಂಭದಲ್ಲೇ ಎರಡು ಟನ್ನಿಗೂ ಹೆಚ್ಚು ಸಗಣಿ, ಅಷ್ಟೇ ನೀರು ಬೇಕಾಗುತ್ತದೆ. ನೆರೆಯ ನಾಲ್ಕು ಮನೆಯವರು ತಮ್ಮ ಕೊಟ್ಟಿಗೆಯ ಸಗಣಿಯನ್ನು ಕೂಡಿಟ್ಟು ಕೊಟ್ಟರು. ಹಳೆಯ ಘಟಕವೊಂದರಿಂದ ಹತ್ತು ಬಕೆಟ್ ಬಗ್ಗಡವನ್ನೂ ಹೆಪ್ಪು ಹಾಕುವಂತೆ ತಂದು ಸುರಿದೆವು. ಮೂರನೆಯ ವಾರದಲ್ಲಿ ಗ್ಯಾಸ್ ಬಂತು, ಆದರೆ ಹತ್ತಲಿಲ್ಲ. ಮೊದಲು ತುಂಬಿಕೊಳ್ಳುವುದು ಹೆಚ್ಚಾಗಿ ಗಾಳಿ ಮತ್ತು ಇಂಗಾಲದ ಡೈ ಆಕ್ಸೈಡ್. ಅದನ್ನು ಹೊರಗೆ ಬಿಟ್ಟುಬಿಡಬೇಕು. ಈ ವಿಷಯ ತಿಳಿಯದೆ ಘಟಕ ಕೆಟ್ಟಿದೆಯೆಂದು ಗಾಬರಿಪಟ್ಟವರನ್ನು ಕಂಡಿದ್ದೇನೆ.

ಇನ್ನು ದಿನದ ಕೆಲಸ. ಬೆಳಿಗ್ಗೆ ಹಾಲು ಕರೆದ ಮೇಲೆ ಕೊಟ್ಟಿಗೆ ಬಾಚಿ, ಸಗಣಿಯನ್ನು ಕಲಸುವ ತೊಟ್ಟಿಗೆ ಹಾಕಿ, ಹುಲ್ಲಿನ ಎಸಳು, ಕಲ್ಲು, ಅಡಿಕೆ ಸೋಗೆಯ ಚೂರುಗಳನ್ನು ಆರಿಸಿ ತೆಗೆದು, ಸಗಣಿಯಷ್ಟೇ ನೀರು ಸೇರಿಸಿ ಗಂಟಿಲ್ಲದಂತೆ ಕಲಸಬೇಕು. ನಂತರ ಬಿರಡೆ ತೆಗೆದರೆ ಅದು ತಾನಾಗಿಯೇ ಒಳಗಿಳಿಯುತ್ತದೆ. ಎಲ್ಲ ಸೇರಿ ನನಗೆ 25 ನಿಮಿಷ ಬೇಕು. ಕೆಲಸ ಕಷ್ಟದ್ದಲ್ಲ, ಆದರೆ ರಜೆ ಇಲ್ಲದ್ದು. ಮದುವೆ, ತಿಥಿ, ಜ್ವರ ಯಾವುದಿದ್ದರೂ ಯಾರಾದರೊಬ್ಬರು ಕಲಸಲೇಬೇಕು. ಎರಡು ಮೂರು ದಿನ ತಪ್ಪಿದರೆ ಏನೂ ಆಗುವುದಿಲ್ಲ, ವಾರ ತಪ್ಪಿದರೆ ಗ್ಯಾಸ್ ಇಳಿಯುತ್ತದೆ; ತಪ್ಪಿದ ವಾರದ ಸಗಣಿಯನ್ನೆಲ್ಲ ಒಂದೇ ದಿನ ತುಂಬಿದರೂ ಇಳಿದದ್ದು ಕೂಡಲೇ ಏರುವುದಿಲ್ಲ. ಒಳಗಿರುವುದು ಜೀವವುಳ್ಳ ಸೂಕ್ಷ್ಮಾಣುಗಳು; ಅವಕ್ಕೂ ದನಗಳಿಗೆ ಮೇವು ಹಾಕಿದಂತೆ ಹೊತ್ತಿಗೆ ಸರಿಯಾಗಿ ಹಾಕಬೇಕು.

ನೀರಿನ ಹದವೂ ಮುಖ್ಯ. ಗಟ್ಟಿಯಾದರೆ ಮೇಲೆ ಕೆನೆಯಂತೆ ಪದರ ಕಟ್ಟಿ ಗ್ಯಾಸನ್ನು ತಡೆಯುತ್ತದೆ, ತೆಳುವಾದರೆ ಸಗಣಿ ತಳಕ್ಕೆ ಕೂರುತ್ತದೆ. ಕೊಟ್ಟಿಗೆ ತೊಳೆದ ನೀರನ್ನೆಲ್ಲ ಒಳಗೆ ಬಿಡುವ ಸೋಮಾರಿತನವನ್ನು ಮೊದಲ ವರ್ಷ ನಾವು ಮಾಡಿದೆವು, ಗ್ಯಾಸ್ ಕಡಿಮೆಯಾಗಿದ್ದು ಅದರಿಂದಲೇ. ಗಂಜಲವನ್ನು ನೀರಿನ ಬದಲಿಗೆ ಸ್ವಲ್ಪ ಸೇರಿಸಬಹುದು, ಆದರೆ ಸಾಬೂನು ನೀರು, ಫಿನಾಯಿಲ್ ಖಂಡಿತ ಕೂಡದು. ಕೆಚ್ಚಲು ಬಾವಿಗೆ ಆ್ಯಂಟಿಬಯಾಟಿಕ್ ಚುಚ್ಚಿಸಿಕೊಂಡ ಹಸುವಿನ ಸಗಣಿಯನ್ನು ಒಂದು ವಾರ ಬೇರೆ ಗುಂಡಿಗೆ ಹಾಕುತ್ತೇನೆ.

ಗ್ಯಾಸಿನ ಲೆಕ್ಕ ಹೀಗಿದೆ. ಒಂದು ಒಲೆ ಗಂಟೆಗೆ ಸುಮಾರು 450 ಲೀಟರ್ ಗ್ಯಾಸ್ ಬಳಸುತ್ತದೆ. ಬೇಸಿಗೆಯಲ್ಲಿ ನಮಗೆ ದಿನಕ್ಕೆ ಮೂರು ಗಂಟೆ ಧಾರಾಳವಾಗಿ ಉರಿಯುತ್ತದೆ: ಬೆಳಿಗ್ಗೆ ಕಾಫಿ, ದೋಸೆ, ಮಧ್ಯಾಹ್ನದ ಅನ್ನ, ಹುಳಿ, ಸಂಜೆ ಹಾಲು ಕಾಯಿಸುವುದು ಎಲ್ಲವೂ ಅದರಲ್ಲೇ ಆಗುತ್ತದೆ. ಜೂನ್ ಕಳೆದ ಮೇಲೆ ಪರಿಸ್ಥಿತಿ ಬೇರೆ. ಉರಿಯುವ ಅನಿಲವಾದ ಮೀಥೇನ್ ಉತ್ಪಾದಿಸುವ ಸೂಕ್ಷ್ಮಾಣುಗಳಿಗೆ 35 ಡಿಗ್ರಿಯ ಆಸುಪಾಸಿನ ಬಿಸಿ ಹಿತ. ವಾರಗಟ್ಟಲೆ ಬಿಸಿಲು ಕಾಣದ ಜುಲೈ, ಆಗಸ್ಟಿನಲ್ಲಿ ಉರಿ ಒಂದೂವರೆ ಗಂಟೆಗೆ ಇಳಿಯುತ್ತದೆ. ಡಿಸೆಂಬರಿನ ಚಳಿಯಲ್ಲೂ ಹೀಗೆಯೇ. ಕಲಸಲು ಬಿಸಿಲಿಗಿಟ್ಟ ನೀರನ್ನೋ ಬಚ್ಚಲ ಹಂಡೆಯ ಬೆಚ್ಚನೆಯ ನೀರನ್ನೋ ಬಳಸಿದರೆ ಸ್ವಲ್ಪ ಸುಧಾರಿಸುತ್ತದೆ. ಘಟಕವನ್ನು ಮನೆಯ ನೆರಳಿಗೆ ಕಟ್ಟಿಸಿದ್ದು ನಮ್ಮ ತಪ್ಪು. ಬಿಸಿಲು ಬೀಳುವ ಕಡೆಗೇ ಕಟ್ಟಿಸಬೇಕಿತ್ತು. ಮೊದಲು ಎರಡು ತಿಂಗಳಿಗೊಂದು ಸಿಲಿಂಡರ್, ಅದರ ಮೇಲೆ ದಿನವೂ ಒಂದು ಹೊರೆ ಸೌದೆ ಬೇಕಾಗುತ್ತಿತ್ತು. ಈಗ ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು ಸಿಲಿಂಡರ್, ಅದೂ ಬಹುಪಾಲು ಮಳೆಗಾಲದಲ್ಲಿ. ಅಡಿಗೆಗೆ ಸೌದೆ ಬೇಕಾಗಿಲ್ಲ. ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ, ಒಣ ಸೋಗೆ ಸಾಕು. ಅಡಿಕೆ ಬೇಯಿಸುವ ಹಂಡೆಗೆ ಮಾತ್ರ ಸೌದೆಯೇ ಗತಿ, ಅಷ್ಟು ಉರಿಯನ್ನು ಗೋಬರ್ ಗ್ಯಾಸಿನಿಂದ ನಿರೀಕ್ಷಿಸಬಾರದು.

ಸಿಲಿಂಡರಿನ ಒಲೆಯನ್ನೇ ಇದಕ್ಕೆ ಜೋಡಿಸಬಹುದೇ ಎಂದು ಕೇಳುತ್ತಾರೆ. ಗೋಬರ್ ಗ್ಯಾಸಿನಲ್ಲಿ ಮೀಥೇನ್ ಇರುವುದು ನೂರಕ್ಕೆ 55ರಿಂದ 65 ಪಾಲು, ಒತ್ತಡವೂ ಕಡಿಮೆ. ಸಿಲಿಂಡರಿನ ಒಲೆಯ ಸೂಜಿತೂತು ಇದಕ್ಕೆ ಸಾಲದು, ಇದಕ್ಕಾಗಿಯೇ ಮಾಡಿದ ಒಲೆಯನ್ನೇ ಕೊಳ್ಳಬೇಕು. ಗಾಳಿಯ ಕಂಡಿಯನ್ನು ಸರಿಯಾಗಿ ಹೊಂದಿಸಿದರೆ ಉರಿ ನೀಲಿಯಾಗಿ, ಸದ್ದಿಲ್ಲದೆ ನಿಲ್ಲುತ್ತದೆ, ಪಾತ್ರೆಯ ತಳ ಕಪ್ಪಾಗುವುದಿಲ್ಲ. ಉರಿ ಬಿಕ್ಕಳಿಸಿದಂತೆ ಏರಿಳಿದರೆ ಕೊಳವೆಯಲ್ಲಿ ನೀರು ನಿಂತಿದೆಯೆಂದು ಅರ್ಥ. ತಗ್ಗಿನಲ್ಲಿರುವ ನಲ್ಲಿಯಿಂದ ವಾರಕ್ಕೊಮ್ಮೆ ಆ ನೀರನ್ನು ಬಿಡಬೇಕು. ಗ್ಯಾಸಿನಲ್ಲಿರುವ ಗಂಧಕದ ಅಂಶ ಒಲೆಯನ್ನು ತಿನ್ನುತ್ತದೆ, 14 ವರ್ಷದಲ್ಲಿ ಎರಡು ಸಲ ಬರ್ನರ್ ಬದಲಿಸಿದ್ದೇನೆ. ಆದರೆ ಕೊಳೆತ ಮೊಟ್ಟೆಯಂಥ ಅದೇ ವಾಸನೆ ಸೋರಿಕೆಯನ್ನು ತಿಳಿಸಿಕೊಡುವುದೂ ಹೌದು.

ನನ್ನ ಅತ್ತೆಯವರು ಹೊಗೆಯಲ್ಲೇ ನಲವತ್ತು ವರ್ಷ ಅಡಿಗೆ ಮಾಡಿದವರು. ಮಳೆಗಾಲದಲ್ಲಿ ಹಸಿ ಸೌದೆ ಊದಿ ಊದಿ ಅವರ ಕಣ್ಣು ಸದಾ ಕೆಂಪಾಗಿರುತ್ತಿತ್ತು. ಕೆಮ್ಮು ಹತ್ತಿದರೆ ಚೌತಿ ಹಬ್ಬ ಕಳೆದರೂ ಬಿಡುತ್ತಿರಲಿಲ್ಲ. ಈ ಒಲೆ ಬಂದ ಮೇಲೆ ಅವರು ಕೊನೆಯ ಎಂಟು ವರ್ಷ ಅಡಿಗೆಮನೆಯಲ್ಲಿ ಕಣ್ಣೊರೆಸಿಕೊಳ್ಳದೆ ಕುಳಿತರು. ಕಟ್ಟಿಸಲು ಇನ್ನೂ ಹತ್ತು ವರ್ಷ ಮೊದಲೇ ಮನಸ್ಸು ಮಾಡಬೇಕಿತ್ತೆಂಬ ನೋವು ನನಗೆ ಇಂದಿಗೂ ಇದೆ.

ಗ್ಯಾಸಿನಷ್ಟೇ, ನನ್ನ ದೃಷ್ಟಿಯಲ್ಲಿ ಅದಕ್ಕಿಂತಲೂ ಹೆಚ್ಚು ಮಾತಾಡಬೇಕಾದದ್ದು ಬಗ್ಗಡದ ಬಗ್ಗೆ. ಗ್ಯಾಸ್ ಹೋದ ಮೇಲೂ ಸಗಣಿಯ ಸಾರಜನಕ, ರಂಜಕ, ಪೊಟ್ಯಾಷ್ ಬಗ್ಗಡದಲ್ಲೇ ಉಳಿಯುತ್ತವೆ. ಹಸಿ ಸಗಣಿಯಂತೆ ಅದು ನಾರುವುದಿಲ್ಲ, ನೊಣ ಮುತ್ತುವುದಿಲ್ಲ, ಅದರಲ್ಲಿ ಕಳೆಬೀಜ ಮೊಳೆಯುವುದೂ ಬಹಳ ಕಡಿಮೆ. ಆದರೂ ಮೂರನೆಯ ವರ್ಷ ತೋಟದ ಹಿರಿಯರು ಗೊಬ್ಬರ ಕಡಿಮೆಯಾಯಿತೆಂದು ದೂರಿದಾಗ ಆ ದೂರಿನಲ್ಲಿ ಸತ್ಯವಿತ್ತು. ನಮ್ಮ ಕಡೆಯ ಅಡಿಕೆ ತೋಟಗಳು ಬದುಕಿರುವುದು ಸೊಪ್ಪಿನ ಬೆಟ್ಟದ ಆಧಾರದಿಂದ. ಬೆಟ್ಟದಿಂದ ತಂದ ಸೊಪ್ಪನ್ನು, ದರಕನ್ನು (ಒಣಗಿ ಉದುರಿದ ಎಲೆಯನ್ನು) ದನಗಳ ಕಾಲಡಿಗೆ ಹಾಸಿ, ಸಗಣಿ, ಗಂಜಲದೊಡನೆ ತುಳಿಸಿ, ಅದನ್ನೇ ಎಳೆದು ಗುಂಡಿಗೆ ಹಾಕಿ ಗೊಬ್ಬರ ಮಾಡುವುದು ತಲೆಮಾರುಗಳ ಕ್ರಮ. ಘಟಕಕ್ಕೆ ಶುದ್ಧ ಸಗಣಿ ಬೇಕೆಂದು ಕೊಟ್ಟಿಗೆಗೆ ಕಾಂಕ್ರೀಟು ಹಾಕಿಸಿ ಸೊಪ್ಪು ಹಾಸುವುದನ್ನು ನಿಲ್ಲಿಸಿದೆವು. ಗೊಬ್ಬರದ ಸತ್ವ ಉಳಿಯಿತು, ಮೈ ಹೋಯಿತು. ಮರದ ಬುಡಕ್ಕೆ ಮುಚ್ಚಿಗೆಯಾಗಿ, ಮಣ್ಣನ್ನು ಸಡಿಲವಾಗಿ, ತೇವವಾಗಿ ಇಡುತ್ತಿದ್ದ ಆ ಸೊಪ್ಪಿನ ರಾಶಿಯ ಕೆಲಸವನ್ನು ನೀರಿನಂಥ ಬಗ್ಗಡ ಮಾಡಲಾರದು.

ನಾವು ಕಂಡುಕೊಂಡ ದಾರಿಯೆಂದರೆ ಹೊರತೊಟ್ಟಿಯ ಪಕ್ಕದಲ್ಲಿ ಎರಡು ಗೊಬ್ಬರಗುಂಡಿ. ದರಕು, ಅಡಿಕೆ ಸೋಗೆಯ ಚೂರು, ತೋಟದ ಕಳೆ ಒಂದು ಪದರ. ಅದರ ಮೇಲೆ ಬಗ್ಗಡ ಒಂದು ಪದರ. ದಿನಕ್ಕೆ ಸುಮಾರು 80 ಲೀಟರ್ ಬಗ್ಗಡ ಹೊರಬರುವುದರಿಂದ ಆರು ತಿಂಗಳಿಗೆ ಒಂದು ಗುಂಡಿ ತುಂಬುತ್ತದೆ, ತುಂಬಿದ್ದನ್ನು ಮುಚ್ಚಿಟ್ಟು ಇನ್ನೊಂದನ್ನು ತುಂಬುತ್ತೇವೆ. ಸೊಪ್ಪು ಹೊರುವ ಕೆಲಸ ಹಾಗಾಗಿ ತಪ್ಪಿಲ್ಲ. ಗೋಬರ್ ಗ್ಯಾಸ್ ಬಂದರೆ ಬೆಟ್ಟದ ಕೆಲಸ ತೀರಿತೆಂದು ಯಾರೂ ತಿಳಿಯಬಾರದು. ಬೇಸಿಗೆಯಲ್ಲಿ ಮಾತ್ರ ಬಗ್ಗಡದ ಒಂದು ಭಾಗವನ್ನು ನೆರಳುಬಲೆಯಲ್ಲಿ ಸೋಸಿ ಎರಡೂವರೆ ಇಂಚಿನ ಕೊಳವೆಯಲ್ಲಿ ತೋಟಕ್ಕೆ ಬಿಡುತ್ತೇವೆ. ಮನೆ ಮೇಲೆ, ತೋಟ ಕಣಿವೆಯಲ್ಲಿ ಇರುವುದರಿಂದ ಪಂಪು ಬೇಕಾಗಿಲ್ಲ. ಸೋಸದೆ ಬಿಟ್ಟರೆ ನಾರು ಸಿಕ್ಕಿ ಕೊಳವೆ ಕಟ್ಟಿಕೊಳ್ಳುತ್ತದೆ. ಮಳೆಗಾಲದಲ್ಲಿ ತೋಟಕ್ಕೆ ಬಿಡುವುದೇ ಇಲ್ಲ, ಬಿಟ್ಟದ್ದೆಲ್ಲ ಹಳ್ಳದ ಪಾಲಾಗುತ್ತದೆ. ಹೊರತೊಟ್ಟಿಗೆ ಮಳೆನೀರು ನುಗ್ಗದಂತೆ ತಗಡಿನ ಮಾಡನ್ನೂ ಹಾಕಿಸಬೇಕು.

ನಾಲ್ಕನೆಯ ವರ್ಷದ ದುರಸ್ತಿಯನ್ನು ವಿವರವಾಗಿ ಹೇಳಲು ಕಾರಣವಿದೆ. ಗ್ಯಾಸ್ ನಿಧಾನವಾಗಿ ಇಳಿಯತೊಡಗಿತು, ವಾಸನೆ ಬರುತ್ತಿತ್ತು. ಕೊಳವೆಯ ಸಂದುಗಳಿಗೆ ಸಾಬೂನಿನ ನೊರೆ ಹಚ್ಚಿ ನೋಡಿದಾಗ ಎಲ್ಲೂ ಗುಳ್ಳೆ ಏಳಲಿಲ್ಲ. ಗುಮ್ಮಟದ ಗಾರೆಯೇ ಬಿರುಕು ಬಿಟ್ಟಿತ್ತು. ಬರಿದು ಮಾಡಿದ ಮೇಲೂ ಅದರೊಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಮೀಥೇನ್, ಇಂಗಾಲದ ಡೈ ಆಕ್ಸೈಡ್, ವಿಷಕಾರಿಯಾದ ಹೈಡ್ರೋಜನ್ ಸಲ್ಫೈಡ್ ಉಳಿದಿರುತ್ತವೆ. ಇಂಥ ಗುಂಡಿಗಿಳಿದವರು ಕ್ಷಣದಲ್ಲಿ ಎಚ್ಚರ ತಪ್ಪುತ್ತಾರೆ, ಎತ್ತಲು ಹೋದವರೂ ಅಲ್ಲೇ ಬೀಳುತ್ತಾರೆ. ನಾವು ಬಗ್ಗಡವನ್ನೆಲ್ಲ ತೆಗೆದು, ಎಲ್ಲ ಬಾಯಿಗಳನ್ನೂ ತೆರೆದು, ದಿನಗಟ್ಟಲೆ ಗಾಳಿಯಾಡಲು ಬಿಟ್ಟು, ಒಳಗೆ ಗಾಳಿ ಊದಿಸಿ, ಇಳಿಯುವವರ ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಮೂರು ಜನ ನಿಂತ ಮೇಲೆಯೇ, ಘಟಕಗಳ ದುರಸ್ತಿಯಲ್ಲಿ ಅನುಭವವಿದ್ದ ಬೇರೊಬ್ಬ ಮೇಸ್ತ್ರಿ ಒಳಗಿಳಿದರು. ಮನೆಯವರು ತಾವೇ ಇಳಿಯುವ ಸಾಹಸವನ್ನು ಎಂದೂ ಮಾಡಬಾರದು. ಬಾಯಿಯ ಬಳಿ ಬೀಡಿಯಾಗಲಿ ದೀಪವಾಗಲಿ ಒಯ್ಯಬಾರದು. ಹೊರತೊಟ್ಟಿಯ ಮೇಲೆ ಚಪ್ಪಡಿ ಮುಚ್ಚಿರದ ಘಟಕ ಮಕ್ಕಳಿರುವ ಮನೆಯಲ್ಲಿ ಇರಲೇಬಾರದು. ಮೇಲೆ ಒಣಗಿದಂತೆ ಕಾಣುವ ಬಗ್ಗಡ ನೆಲವೆಂದೇ ತೋರುತ್ತದೆ.

ನೆರೆಯಲ್ಲೊಬ್ಬರು ಇತ್ತೀಚೆಗೆ ಗುಮ್ಮಟದ ಬದಲು ದೊಡ್ಡ ಚೀಲದಲ್ಲೇ ಗ್ಯಾಸ್ ಹುಟ್ಟುವ ಮಾದರಿಯನ್ನು ತರಿಸಿದ್ದಾರೆ. ಒಂದೇ ದಿನದಲ್ಲಿ ಹೂಡಿ ಮುಗಿಸಬಹುದು, ಜಾಗ ಬದಲಿಸಬಹುದು, ಕಟ್ಟಡದ ತಾಪತ್ರಯವಿಲ್ಲ. ಬಾಡಿಗೆ ಜಮೀನಿನವರಿಗೆ ಅದು ಒಳ್ಳೆಯದೇ. ಆದರೆ ಇಲಿ, ಹೆಗ್ಗಣ, ಬಿದ್ದ ಅಡಿಕೆ ಸೋಗೆ ಇವುಗಳಿಂದ ಚೀಲವನ್ನು ಕಾಯುವುದು ತೋಟದ ಮನೆಯಲ್ಲಿ ಸುಲಭವಲ್ಲ. ಸ್ವಂತ ನೆಲವಿದ್ದು, ಮೂರರಿಂದ ಐದು ದನವಿದ್ದು, ನೀರಿಗೆ ತತ್ವಾರವಿಲ್ಲದವರಿಗೆ ನಾನು ದೀನಬಂಧುವನ್ನೇ ಸೂಚಿಸುತ್ತೇನೆ. ಒಂದೇ ಹಸುವಿದ್ದವರು, ವರ್ಷದಲ್ಲಿ ಮೂರು ತಿಂಗಳು ಪೇಟೆಯ ಮಕ್ಕಳ ಮನೆಯಲ್ಲಿ ಇರುವವರು ಕಟ್ಟಿಸದಿರುವುದೇ ಲೇಸು.

ನಮ್ಮ ಕೊಟ್ಟಿಗೆಯಲ್ಲಿ ಈಗ ಮೂರೇ ದನಗಳಿವೆ, ಗಿಡ್ಡಗಳಲ್ಲಿ ಒಂದು ಉಳಿದಿದೆ. ದೊಡ್ಡ ಜರ್ಸಿ ಹಾಲು ಬಿಟ್ಟು ಎರಡು ವರ್ಷವಾಯಿತು, ಅದಕ್ಕೆ ಹಾಕುವ ಹುಲ್ಲು ದಂಡವೆಂದು ಹೇಳುವವರಿದ್ದಾರೆ. ನಮಗೆ ದಿನವೂ ಸಿಗುವ 35 ಕಿಲೋ ಸಗಣಿಯಲ್ಲಿ 15 ಕಿಲೋ ಅದರದು. ಅದನ್ನು ಕೊಟ್ಟರೆ ಮಧ್ಯಾಹ್ನದ ಅನ್ನಕ್ಕೆ ಸಿಲಿಂಡರ್ ಹಚ್ಚಬೇಕು, ಒಂದು ಗೊಬ್ಬರಗುಂಡಿ ಅರ್ಧಕ್ಕೆ ನಿಲ್ಲುತ್ತದೆ. ಈ ದೀಪಾವಳಿಯ ಗೋಪೂಜೆಗೆ ಅದರ ಕೊರಳಿಗೆ ಅಡಿಕೆ ಸರ ಕಟ್ಟಿದ್ದೇವೆ. ಮಾರುವ ಮಾತನ್ನು ಮನೆಯಲ್ಲಿ ಯಾರೂ ಎತ್ತಿಲ್ಲ.